ಯಾವ ನೀರು ಕುಡೀತೀರಿ?

ಬೆಳಿಗ್ಗೆ ಐದೂವರೆಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲು ಹೋದರೆ ಕತ್ತರಿಯ ಉಂಗುರದೊಳಗೆ ನನ್ನ ಬೆರಳು ತೂರುವುದಿಲ್ಲ. ಹಲ್ಲಿನಲ್ಲಿ ಕಚ್ಚಿ ಹರಿಯುತ್ತೇನೆ. ಅದೇ ಕತ್ತರಿ ಏಳೂವರೆಗೆ ಸಲೀಸಾಗಿ ಕೈಗೆ ಕೂರುತ್ತದೆ. ಈ ಎರಡು ಗಂಟೆಯ ಲೆಕ್ಕವನ್ನು ನಾನು ಮೂರು ವರ್ಷ ಯಾವ ಡಾಕ್ಟರಿಗೂ ಹೇಳಲಿಲ್ಲ. ಅವರು ಕೇಳಲಿಲ್ಲ. ಹೇಳಬೇಕಾದ ಸಂಗತಿ ಅದು ಅಂತ ನನಗೂ ಗೊತ್ತಿರಲಿಲ್ಲ. ನಾನು ಹೇಳುತ್ತಿದ್ದದ್ದು ಒಂದೇ: "ಮೈ ಕೈ ನೋವು ಸಾರ್."

ಬಂಗಾರಪೇಟೆಯಲ್ಲಿ ಮೈ ಕೈ ನೋವು ಅನ್ನುವುದು ಕಾಯಿಲೆಯೇ ಅಲ್ಲ, ಅದೊಂದು ಕುಶಲೋಪರಿ. ಕನ್ನಡದಲ್ಲಿ ಕೀಲು ನೋವು, ತೆಲುಗಿನಲ್ಲಿ ಕೀಳ್ಳ ನೊಪ್ಪುಲು, ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಕಾರ್ಮಿಕರ ಲೈನುಗಳ ತಮಿಳಿನಲ್ಲಿ ಮೂಟ್ಟು ವಲಿ. ಮೂರು ಭಾಷೆಯಲ್ಲೂ ಅದು ಒಂದೇ ಗೋಣಿಚೀಲ. ಮಂಡಿ ಸವೆದ ಅಜ್ಜಿ, ಬೆರಳು ಊದಿದ ಗಾರ್ಮೆಂಟ್ಸ್ ಹುಡುಗಿ, ಬೆನ್ನು ಬಗ್ಗದ ರೈತ, ರಾತ್ರಿ ಮೂರಕ್ಕೆ ಸೊಂಟ ಹಿಡಿದು ಎದ್ದು ಕೂರುವ ಇಪ್ಪತ್ತೈದರ ಹುಡುಗ, ಎಲ್ಲರನ್ನೂ ಅದರೊಳಕ್ಕೆ ತುಂಬುತ್ತೇವೆ. ಮೇಲೆ ಒಂದು ಚೀಟಿ ಅಂಟಿಸುತ್ತೇವೆ: ವಾಯು. ಬದನೆಕಾಯಿ ಬಿಡಿ, ಆಲೂಗಡ್ಡೆ ಬಿಡಿ, ಹುಳಿ ಬಿಡಿ. ನಾನು ಮೂರನ್ನೂ ಬಿಟ್ಟೆ. ಬದನೆಕಾಯಿಯ ಎಣ್ಣೆಗಾಯಿ ಬಿಟ್ಟದ್ದಕ್ಕೆ ಇವತ್ತಿಗೂ ನನಗೆ ಕೋಪವಿದೆ.

ನನ್ನ ಕಥೆ ಚಿಕ್ಕದು. ನಲವತ್ತೊಂದನೇ ವಯಸ್ಸಿಗೆ ಬೆರಳುಗಳ ಬುಡದ ಗೆಣ್ಣು ಊದಲು ಶುರುವಾಯಿತು. ಮೊದಲು ತೋರಿಸಿದ ಡಾಕ್ಟರು ವಯಸ್ಸಾಯ್ತಲ್ಲಮ್ಮ ಅಂದರು. ಎರಡನೆಯವರು ಆರ್‌ಎ ಫ್ಯಾಕ್ಟರ್ ಅನ್ನುವ ರಕ್ತಪರೀಕ್ಷೆ ಬರೆದುಕೊಟ್ಟರು. ಅದು ನೆಗೆಟಿವ್ ಬಂತು, "ನಿಮಗೇನೂ ಇಲ್ಲ" ಅಂತ ಕಳಿಸಿದರು. ಮೂರನೆಯವರು ವಿಟಮಿನ್ ಡಿ ಕಡಿಮೆ ಇದೆ ಅಂದರು. ಇತ್ತು ಕೂಡ. ಸಾಚೆ ಕುಡಿದೆ, ವಿಟಮಿನ್ ಏರಿತು, ಊತ ಇಳಿಯಲಿಲ್ಲ. ನಾಲ್ಕನೆಯವರು ಹೆಸರಿಲ್ಲದ ಪುಟ್ಟ ಬಿಳಿ ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಅವುಗಳ ವಿಚಾರ ಆಮೇಲೆ. ಅಷ್ಟು ಹೊತ್ತಿಗೆ ನನ್ನ ಪ್ಲಾಸ್ಟಿಕ್ ಫೈಲು ಎರಡು ಬೆರಳು ದಪ್ಪವಾಗಿತ್ತು. ಅದನ್ನು ಹಿಡಿಯುವುದೇ ಕೈಗೆ ಕಷ್ಟವಾಗಿತ್ತು.

ಮಾರಿಕುಪ್ಪಂನಿಂದ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಬೆಳಗಿನ ರೈಲು ಹತ್ತಿದವರಿಗೆ ಇಂಥ ಫೈಲುಗಳ ಪರಿಚಯವಿರುತ್ತದೆ. ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಬೆಂಗಳೂರಿಗೆ ದುಡಿಯಲು ಹೋಗುವ ರೈಲು ಅದು. ಟಿಫಿನ್ ಕ್ಯಾರಿಯರುಗಳ ನಡುವೆ ಅಲ್ಲಲ್ಲಿ ಬಟ್ಟೆಯಂಗಡಿಯ ಚೀಲದಲ್ಲಿ ಎಕ್ಸ್‌ರೇ ಹಾಳೆ ತಲೆ ಹೊರಗಿಟ್ಟಿರುತ್ತದೆ. ಸೀಟು ಸಿಗದೆ ಬಾಗಿಲ ಬಳಿ ನಿಂತ ಹೆಂಗಸೊಬ್ಬರು ಕಂಬಿಯನ್ನು ಬೆರಳಿನಿಂದ ಹಿಡಿಯದೆ ಮೊಣಕೈಯನ್ನು ಅದಕ್ಕೆ ಸುತ್ತಿಕೊಂಡು ನಿಂತಿದ್ದರೆ ನನಗೆ ಗೊತ್ತಾಗುತ್ತದೆ. ನಾವು ಮಾತಾಡಿಕೊಳ್ಳುವುದಿಲ್ಲ. ಒಬ್ಬರ ಫೈಲನ್ನು ಇನ್ನೊಬ್ಬರು ನೋಡುತ್ತೇವೆ.

ಹಾಗೆ ಹೋದ ಬೆಂಗಳೂರಿನ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ದೊಡ್ಡ ಡಾಕ್ಟರಿಗಿಂತ ಮೊದಲು ನಮ್ಮನ್ನು ವಿಚಾರಿಸುವ ಕಿರಿಯ ಡಾಕ್ಟರೊಬ್ಬಳು ಫೈಲನ್ನು ತೆರೆಯದೆ ಪಕ್ಕಕ್ಕಿಟ್ಟಳು. ಬೆಳಿಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತೆ ಅಂದಳು. ಕತ್ತರಿಯ ಲೆಕ್ಕ ಹೇಳಿದೆ. ಬರೆದುಕೊಂಡಳು. ಊರು ಕೇಳಿದಳು. ಬಂಗಾರಪೇಟೆ, ಹುಟ್ಟಿದ್ದು ಕೆಜಿಎಫ್ ಅಂದೆ. ಆಗ ಬಂತು ಮೂರು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ: "ಯಾವ ನೀರು ಕುಡೀತೀರಿ? ಮನೇಲಿ ಯಾರಾದ್ರೂ ಗಣಿಯಲ್ಲಿ ಕೆಲಸ ಮಾಡ್ತಿದ್ರಾ?"

ಈ ಅಂಕಣ ಆ ಎರಡು ಪ್ರಶ್ನೆಗಳ ಬಗ್ಗೆ. ಕೋಲಾರ ಜಿಲ್ಲೆಯಲ್ಲಿ ಕೀಲು ನೋವಿನ ವಿಚಾರಣೆ ಅಲ್ಲಿಂದಲೇ ಶುರುವಾಗಬೇಕು ಅನ್ನುವುದು ನನ್ನ ವಾದ. ರಕ್ತಪರೀಕ್ಷೆ ಆಮೇಲೆ.

ನೀರಿನ ವಿಷಯ ಮೊದಲು. ನಮ್ಮ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಇದ್ದದ್ದು ಕೆರೆ, ತೋಡುಬಾವಿ. ಕೆಜಿಎಫ್‌ಗೆ ಬ್ರಿಟಿಷರ ಕಾಲದಿಂದಲೂ ಪಾಲಾರ್ ಪಾತ್ರದ ಬೇತಮಂಗಲದ ಕೆರೆಯಿಂದ ನೀರು ಬರುತ್ತಿತ್ತು. ಕೆರೆಗಳು ಬತ್ತಿದಂತೆ ನಾವು ಕೆಳಗಿಳಿದೆವು. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಸುದ್ದಿಯೇ ಅಲ್ಲ. ಅಷ್ಟು ಆಳದ ಗ್ರಾನೈಟು, ನೈಸ್ ಬಂಡೆಗಳ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ನಿಂತಿರುತ್ತದೆ. ಕಲ್ಲಿನಲ್ಲಿರುವ ಬಯೊಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿಂದ ಫ್ಲೋರೈಡನ್ನು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದು ಕ್ಷಾರ ಹೆಚ್ಚಿದ್ದರೆ ಇನ್ನೂ ಹೆಚ್ಚು ಬಿಡಿಸಿಕೊಳ್ಳುತ್ತದೆ. ಬಣ್ಣ ಬದಲಾಗದು, ವಾಸನೆ ಬಾರದು. ಕಾಯಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾಗಿ ಫ್ಲೋರೈಡ್ ಅಲ್ಲೇ ಉಳಿದು ಸಾಂದ್ರತೆ ಹೆಚ್ಚುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸೈ.

ಹಲ್ಲಿನ ಮೇಲಿನ ಕಂದು ಪಟ್ಟೆಯಿಂದ ಈ ಫ್ಲೋರೈಡಿನ ಕಾಯಿಲೆ, ಫ್ಲೋರೋಸಿಸ್, ನಮಗೆಲ್ಲ ಪರಿಚಿತ. ಶಾಲೆಯಲ್ಲಿ ಮಕ್ಕಳ ನಗು ನೋಡಿದರೆ ಯಾವ ಊರಿನ ಬೋರಿನವರು ಅಂತ ಹೇಳಬಲ್ಲ ಮೇಷ್ಟ್ರುಗಳಿದ್ದಾರೆ. ಆದರೆ ಹಲ್ಲು ಬಲಿತ ಮೇಲೆ ಬೇರೆ ಊರಿನಿಂದ ಸೊಸೆಯಾಗಿ ಬಂದವಳ ಹಲ್ಲಿನಲ್ಲಿ ಏನೂ ಕಾಣುವುದಿಲ್ಲ. ಅವಳಿಗೆ ಅದು ಮೂಳೆಗೆ ಇಳಿಯುತ್ತದೆ. ಹತ್ತು ಹದಿನೈದು ವರ್ಷ ಅದೇ ನೀರು ಕುಡಿದ ಮೇಲೆ ಸೊಂಟ, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಮೂಳೆಯನ್ನು ಕಟ್ಟಿಹಿಡಿದ ತಂತುಗಳಲ್ಲಿ ಸುಣ್ಣ ಕೂರುತ್ತದೆ. ಇಂಥ ರೋಗಿಗಳನ್ನು ನಮ್ಮ ದೇಶದಲ್ಲಿ ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ಶಾರ್ಟ್ ಮತ್ತು ಸಂಗಡಿಗರು, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಇಷ್ಟು ವರ್ಷವಾದರೂ ಎಷ್ಟೋ ಜನ ಅದನ್ನು ವಯಸ್ಸಿನ ಸಂಧಿವಾತ ಅಂತಲೇ ತಿಳಿದು ಎಣ್ಣೆ ತಿಕ್ಕುತ್ತಿದ್ದಾರೆ.

ಇದಕ್ಕೆ ಮನೆಯಲ್ಲೇ ಮಾಡಿನೋಡಬಹುದಾದ ಪರೀಕ್ಷೆಯೊಂದಿದೆ. ದಿಲ್ಲಿಯ ಏಮ್ಸ್‌ನಲ್ಲಿದ್ದ ಎ.ಕೆ. ಸುಶೀಲಾ ಅವರು ಫ್ಲೋರೋಸಿಸ್ ಹಳ್ಳಿಗಳಲ್ಲಿ ಪ್ರಚಾರಕ್ಕೆ ತಂದದ್ದು. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳಿ. ಗದ್ದವನ್ನು ಎದೆಗೆ ತಾಗಿಸಿ. ಎರಡೂ ಕೈ ಚಾಚಿ, ಮಡಿಸಿ, ತಲೆಯ ಹಿಂಭಾಗ ಮುಟ್ಟಿ. ಮೂರೂ ಆಗದಿದ್ದರೆ ಫ್ಲೋರೋಸಿಸ್ಸೇ ಅಂತ ತೀರ್ಮಾನಿಸಬೇಡಿ, ಸವೆದ ಬೆನ್ನಿಗೂ ಅವು ಆಗುವುದಿಲ್ಲ. ಆದರೆ ಡಾಕ್ಟರಿಗೆ ಹೇಳಲು ಅದೊಂದು ಸುಳಿವು. ನಮ್ಮ ಬೀದಿಯ ಶುದ್ಧ ನೀರಿನ ಘಟಕಕ್ಕೆ ಹಾಕುವ ಐದು ರೂಪಾಯಿ ನಾಣ್ಯವನ್ನೇ ನೆಲಕ್ಕಿಟ್ಟು ನನ್ನ ಅತ್ತೆಗೆ ಎತ್ತಿಕೊಳ್ಳಲು ಹೇಳಿದೆ. ಅವರು ಕಾಲಿನ ಬೆರಳಿನಿಂದ ಎತ್ತಿದರು. ಅವರ ಕುತ್ತಿಗೆ ಎಡಕ್ಕೂ ಬಲಕ್ಕೂ ತಿರುಗುವುದಿಲ್ಲ. ಬೀದಿ ದಾಟುವಾಗ ಇಡೀ ದೇಹವನ್ನು ಕಂಬದಂತೆ ತಿರುಗಿಸಿ ನೋಡುತ್ತಾರೆ. ಆಮೇಲೆ ತೆಗೆಸಿದ ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿ ಹರಿದ ಲೇಸಿನ ಅಂಚಿನಂತೆ ಕಾಣುತ್ತಿತ್ತು. ಫ್ಲೋರೋಸಿಸ್‌ನ ಪಕ್ಕಾ ಗುರುತುಗಳಲ್ಲಿ ಅದೊಂದು. ಮೂತ್ರದಲ್ಲಿ ಫ್ಲೋರೈಡ್ ಅಳೆದರೂ ತಿಳಿಯುತ್ತದೆ. ವರ್ಷಗಟ್ಟಲೆ ಅವರ ಮಂಡಿಯ ಚಿತ್ರ ತೆಗೆದರು, ಬೆನ್ನಿನ ಚಿತ್ರ ತೆಗೆದರು. ಮುಂಗೈಯ ಚಿತ್ರಕ್ಕೆ ಯಾರೂ ಚೀಟಿ ಬರೆಯಲಿಲ್ಲ, ನೋವು ಅಲ್ಲಿರಲಿಲ್ಲವಲ್ಲ.

ಒಮ್ಮೆ ಸುಣ್ಣ ಕಟ್ಟಿದ್ದನ್ನು ಕರಗಿಸುವ ಮಾತ್ರೆ ಇಲ್ಲ. ನೀರು ಬದಲಿಸುವುದೇ ಔಷಧ. ಜತೆಗೆ ಕ್ಯಾಲ್ಸಿಯಂ ಇರುವ ಊಟ. ಆ ವಿಷಯದಲ್ಲಿ ನಮ್ಮ ರಾಗಿ ಮುದ್ದೆಗೆ ಪುಣ್ಯ ಬರಲಿ. ಬೇಗ ಗೊತ್ತಾದರೆ ನೋವು ಬಹಳ ಇಳಿಯುತ್ತದೆ ಅನ್ನುತ್ತಾರೆ. ಈಗ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ, ಅದು ಕುಡಿಯಲು ಕೊಟ್ಟ ನೀರಲ್ಲ. ಬಂಗಾರಪೇಟೆ ತಾಲ್ಲೂಕಿನ ಯರಗೋಳು ಅಣೆಕಟ್ಟು 2023ರಲ್ಲಿ ಉದ್ಘಾಟನೆಯಾಯಿತು. ಮಳೆ ನೀರು ಅಣೆಕಟ್ಟಿನಿಂದ ನಲ್ಲಿಗೆ ಬರುವ ಮನೆಯ ಮೂಳೆಗೂ ಬೋರ್ ನೀರು ಕುಡಿಯುವ ಮನೆಯ ಮೂಳೆಗೂ ಮುಂದಿನ ಇಪ್ಪತ್ತು ವರ್ಷದಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಡಾಕ್ಟರು ನೀರಿನ ಪ್ರಶ್ನೆ ಕೇಳಬೇಕಾದದ್ದು ಅದಕ್ಕೇ.

ನನ್ನ ಕಾಯಿಲೆ ಅದಾಗಿರಲಿಲ್ಲ. ನನಗೆ ಬೆನ್ನು ಬಗ್ಗುತ್ತದೆ, ಬೆರಳು ಬಗ್ಗುವುದಿಲ್ಲ. ಎರಡನೇ ಪ್ರಶ್ನೆಗೆ ಬರೋಣ.

ನಮ್ಮಪ್ಪ ಗಣಿಯೊಳಗೆ ಇಳಿದು ದುಡಿದವರು. ಕೋಲಾರದ ಚಿನ್ನ ಒಂಟಿಯಾಗಿ ಸಿಗುತ್ತಿರಲಿಲ್ಲ, ಬೆಣಚುಕಲ್ಲಿನ ಎಳೆಗಳೊಳಗೆ ಅಡಗಿರುತ್ತಿತ್ತು. ಬೆಣಚುಕಲ್ಲು ಅಂದರೆ ಸಿಲಿಕಾ. 1880ರಿಂದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಶುರುವಾದ ಈ ಕೊರೆತ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂದಿತ್ತು ಅನ್ನುತ್ತದೆ ಲೆಕ್ಕ. ಚಿನ್ನ ಹೊರಗೆ ಹೋಯಿತು, ಕಲ್ಲಿನ ಪುಡಿ ಒಂದಷ್ಟು ಸೈನೈಡ್ ಗುಡ್ಡಗಳಾಗಿ ಊರ ನಡುವೆ ನಿಂತಿತು, ಒಂದಷ್ಟು ಕೆಲಸಗಾರರ ಎದೆಗೆ ಇಳಿಯಿತು. 1940ರಿಂದ 46ರವರೆಗೆ ಇಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು 44 ಜನಕ್ಕೆ ಆ ಧೂಳಿನ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಕಂಡಿತ್ತು. ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಸಿಲಿಕೋಸಿಸ್ ಪಾಠ ಓದುವಾಗ ಮೊದಲು ಬರುವ ಊರಿನ ಹೆಸರು ನಮ್ಮದೇ.

ಅದು ಎದೆಯ ಕಥೆ, ಎಲ್ಲರಿಗೂ ಗೊತ್ತು. ಅದೇ ಧೂಳು ಕೀಲಿಗೂ ಬರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಶ್ವಾಸಕೋಶದಲ್ಲಿ ಕೂತ ಸಿಲಿಕಾ ಕಣವನ್ನು ನುಂಗಲು ಬಂದ ರಕ್ಷಣಾ ಕೋಶಗಳು ಅದನ್ನು ಅರಗಿಸಲಾರದೆ ಸಾಯುತ್ತವೆ. ಸಾಯುವಾಗ ಉರಿಯೂತದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಮತ್ತೆ ಹೊಸ ಕೋಶಗಳು ಬರುತ್ತವೆ, ಮತ್ತೆ ಅದೇ. ವರ್ಷಗಟ್ಟಲೆ ಹೀಗೆ ಕೆರಳಿದ ರಕ್ಷಣಾ ವ್ಯವಸ್ಥೆ ಕೆಲವರಲ್ಲಿ ದಾರಿ ತಪ್ಪಿ ತನ್ನದೇ ದೇಹದ ಮೇಲೆ ತಿರುಗುತ್ತದೆ. 1953ರಲ್ಲಿ ವೇಲ್ಸ್‌ನ ಕಲ್ಲಿದ್ದಲು ಗಣಿಗಾರರ ಎದೆಯ ಚಿತ್ರಗಳಲ್ಲಿ ಆಂಟನಿ ಕ್ಯಾಪ್ಲನ್ ಎಂಬ ವೈದ್ಯರು ದುಂಡನೆಯ ವಿಚಿತ್ರ ಗಂಟುಗಳನ್ನು ಗುರುತಿಸಿದರು. ಆ ಗಂಟುಗಳ ಜತೆಗೆ ಕಂಡದ್ದು ದೇಹ ತನ್ನದೇ ಕೀಲುಗಳ ಮೇಲೆ ತಿರುಗುವ ರುಮಟಾಯ್ಡ್ ಆರ್ಥ್ರೈಟಿಸ್. 1957ರಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಾರರಲ್ಲಿ ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ ಹೆಚ್ಚಿರುವುದನ್ನು ಎರಾಸ್ಮಸ್ ಬರೆದರು. ಆಮೇಲೆ ಸ್ವೀಡನ್ನಿನ ಅಧ್ಯಯನಗಳು ಸಿಲಿಕಾ ಧೂಳಿನಲ್ಲಿ ದುಡಿದವರಿಗೆ ರುಮಟಾಯ್ಡ್ ಬರುವ ಸಂಭವ ಹೆಚ್ಚು, ಧೂಮಪಾನವೂ ಸೇರಿದರೆ ಇನ್ನೂ ಹೆಚ್ಚು ಅಂತ ತೋರಿಸಿವೆ. ಗಣಿಯಿಂದ ಮೇಲೆ ಬಂದೊಡನೆ ಬೀಡಿ ಹಚ್ಚದವರನ್ನು ನಾನು ನಮ್ಮ ಲೈನಿನಲ್ಲಿ ನೋಡಿಲ್ಲ. ಗಣಿ ಕಾನೂನಿನಲ್ಲಿ ಸಿಲಿಕೋಸಿಸ್‌ಗೆ ಅಧಿಸೂಚಿತ ರೋಗದ ಸ್ಥಾನವಿದೆ. ಕೀಲಿಗೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ.

ಅಪ್ಪನ ಕೆಮ್ಮು ನಮ್ಮ ಮನೆಯ ಗಡಿಯಾರವಾಗಿತ್ತು. ಅವರ ಬೆರಳುಗಳ ಬಗ್ಗೆ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಡ್ರಿಲ್ಲಿಂಗ್ ಮಷೀನು ಹಿಡಿದ ಕೈ ಹಾಗೇ ಇರುತ್ತದೆ ಅಂದುಕೊಂಡಿದ್ದೆವು. ಅವರು ನಿವೃತ್ತರಾದ ದಿನದ ಒಂದು ಫೋಟೋ ಇದೆ. ಕೊರಳಲ್ಲಿ ಹಾರ, ಎರಡೂ ಕೈ ಮಂಡಿಯ ಮೇಲೆ. ಕಿರಿಯ ಡಾಕ್ಟರ ಪ್ರಶ್ನೆ ಕೇಳಿ ಮನೆಗೆ ಬಂದ ರಾತ್ರಿ ಅದನ್ನು ತೆಗೆದು ನೋಡಿದೆ. ಇಪ್ಪತ್ತು ವರ್ಷ ಗೋಡೆಯ ಮೇಲಿದ್ದ ಚಿತ್ರದಲ್ಲಿ ಮೊದಲ ಸಲ ಕೈ ನೋಡಿದೆ. ಬೆರಳುಗಳೆಲ್ಲ ಬುಡದಿಂದಲೇ ಕಿರುಬೆರಳಿನ ಕಡೆಗೆ ವಾಲಿದ್ದವು, ಗಾಳಿಗೆ ಒಂದೇ ದಿಕ್ಕಿಗೆ ಬಾಗಿದ ರಾಗಿ ಪೈರಿನ ಹಾಗೆ. ಬುಡದ ಗೆಣ್ಣುಗಳು ಗಂಟುಕಟ್ಟಿದ್ದವು. ನನ್ನ ಊತ ಇರುವುದೂ ಅದೇ ಗೆಣ್ಣುಗಳಲ್ಲಿ.

ಫೋನಿನಲ್ಲಿ ಫೋಟೋ ತೋರಿಸಿದಾಗ ಡಾಕ್ಟರು ದೊಡ್ಡದು ಮಾಡಿ ನೋಡಿದರು. ತೀರಿಹೋದವರಿಗೆ ಫೋಟೋ ನೋಡಿ ರೋಗ ಹೇಳುವುದಕ್ಕಾಗದು ಅಂದರು. ಆದರೂ ನನ್ನ ಚೀಟಿಯಲ್ಲಿ ಒಂದು ಸಾಲು ಬರೆದರು. ಅಪ್ಪ ಅಮ್ಮ, ಒಡಹುಟ್ಟಿದವರಲ್ಲಿ ರುಮಟಾಯ್ಡ್ ಇದ್ದರೆ ನಮಗೆ ಬರುವ ಸಂಭವ ಹಲವು ಪಟ್ಟು ಹೆಚ್ಚಂತೆ. ಅಪ್ಪನ ಧೂಳು ನನ್ನ ಕೀಲಿಗೆ ಬಂದಿಲ್ಲ, ಧೂಳು ಹಾಗೆ ತಲೆಮಾರು ದಾಟುವುದಿಲ್ಲ. ಬಂದಿದ್ದರೆ ಈ ಕಾಯಿಲೆಯ ಕಡೆಗಿನ ದೇಹದ ಒಲವು ಬಂದಿರಬಹುದು.

ಇಷ್ಟರಲ್ಲಿ ನಮ್ಮ ಚಿಕ್ಕಮ್ಮ ತಮ್ಮ ರೋಗನಿರ್ಣಯ ಮುಗಿಸಿದ್ದರು: "ಚಿಕೂನ್‌ಗುನ್ಯದ ಉಳಿಕೆ ಕಣೇ." ನಗುವಂಥ ಮಾತಲ್ಲ. 2006ರಲ್ಲಿ ಕರ್ನಾಟಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಆ ವರ್ಷ ಕೋಲಾರದ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆದದ್ದು ನೆನಪಿದೆ. ಆಫ್ರಿಕದ ಮಕೊಂಡೆ ಭಾಷೆಯಲ್ಲಿ ಆ ಹೆಸರಿಗೆ ಬಾಗಿಸುವುದು ಅಂತಲೇ ಅರ್ಥ. ಜ್ವರ ವಾರದಲ್ಲಿ ಹೋಗುತ್ತದೆ, ಕೀಲು ನೋವು ಕೆಲವರಲ್ಲಿ ತಿಂಗಳು, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನೋಡಲು ಥೇಟ್ ರುಮಟಾಯ್ಡ್. ಹಾಗಾಗಿ ಡಾಕ್ಟರು ಕೇಳುತ್ತಾರೆ: ನೋವು ಶುರುವಾಗುವ ಮೊದಲು ಜ್ವರ, ಮೈಮೇಲೆ ದದ್ದು ಇತ್ತಾ? ನನಗೆ ಇರಲಿಲ್ಲ. ಚಿಕ್ಕಮ್ಮ ಒಪ್ಪಲಿಲ್ಲ.

ಹೆಸರುಗಳ ವಿಚಾರ ಬಂದದ್ದಕ್ಕೆ ಹೇಳುತ್ತೇನೆ, ನಮ್ಮ ಹಳೆಯ ವೈದ್ಯರು ನಮ್ಮಷ್ಟು ಒರಟಾಗಿರಲಿಲ್ಲ. ಆಯುರ್ವೇದದ ಗ್ರಂಥ ಮಾಧವನಿದಾನದಲ್ಲಿ ಆಮವಾತ ಅನ್ನುವುದು ಪ್ರತ್ಯೇಕ ಕಾಯಿಲೆ. ಸಂಧಿವಾತ ಬೇರೆ, ವಾತರಕ್ತ ಬೇರೆ. ಮೂರನ್ನೂ ಒಂದೇ ಗೋಣಿಗೆ ತುರುಕಿ ವಾಯು ಅಂತ ಬರೆದವರು ನಾವು.

ಈಗ ಪರೀಕ್ಷೆಗಳ ಮಾತು. ಈ ಭಾಗ ಫೈಲು ಹೊತ್ತು ತಿರುಗುವವರಿಗೆ. ಆರ್‌ಎ ಫ್ಯಾಕ್ಟರ್ ಅನ್ನುವ ಪರೀಕ್ಷೆ ರುಮಟಾಯ್ಡ್ ಇರುವವರಲ್ಲೇ ನೂರಕ್ಕೆ ಇಪ್ಪತ್ತು ಮೂವತ್ತು ಜನಕ್ಕೆ ನೆಗೆಟಿವ್ ಬರುತ್ತದೆ. ಅತ್ತ ಏನೂ ಇಲ್ಲದ ವಯಸ್ಸಾದವರಿಗೆ, ಕ್ಷಯ, ಕಾಮಾಲೆ ವೈರಸ್ ಇರುವವರಿಗೆ, ಸಿಲಿಕೋಸಿಸ್ ಇರುವವರಿಗೂ ಪಾಸಿಟಿವ್ ಬರಬಹುದು. ಹಾಗಾಗಿ ಆ ಒಂದು ಚೀಟಿ ನೋಡಿ ಇದೆ, ಇಲ್ಲ ಅನ್ನುವುದು ಮೋಡ ನೋಡಿ ಬಿತ್ತನೆ ಮಾಡಿದ ಹಾಗೆ. ಆಂಟಿ ಸಿಸಿಪಿ ಅನ್ನುವ ಇನ್ನೊಂದು ಪರೀಕ್ಷೆ ಹೆಚ್ಚು ನಂಬಿಕಸ್ಥ, ಹೆಚ್ಚು ದುಡ್ಡಿನದು ಕೂಡ. ಇಎಸ್‌ಆರ್, ಸಿಆರ್‌ಪಿ ಎರಡೂ ದೇಹದಲ್ಲಿ ಎಲ್ಲೋ ಉರಿಯೂತವಿದೆ ಅನ್ನುತ್ತವೆ, ಎಲ್ಲಿ ಅನ್ನುವುದಿಲ್ಲ. ಎಎಸ್‌ಒ ಹೆಚ್ಚು ಬಂತು ಅಂತ ನಡುವಯಸ್ಸಿನಲ್ಲಿ ತಿಂಗಳು ತಿಂಗಳು ಪೆನ್ಸಿಲಿನ್ ಚುಚ್ಚಿಸಿಕೊಂಡವರನ್ನು ಕಂಡಿದ್ದೇನೆ. ಆ ಪರೀಕ್ಷೆ ಹಿಂದೆ ಯಾವಾಗಲೋ ಗಂಟಲಿಗೆ ಸೋಂಕು ತಗುಲಿತ್ತು ಅನ್ನುತ್ತದೆ, ಅಷ್ಟೆ. ಯುವಕರಿಗೆ ಮಲಗಿದಾಗ ಹೆಚ್ಚಾಗಿ, ಓಡಾಡಿದರೆ ಕಡಿಮೆಯಾಗುವ ಸೊಂಟನೋವು ಮೂರು ತಿಂಗಳು ದಾಟಿದರೆ ಅದು ಬೈಕಿನ ತಪ್ಪಲ್ಲ. ಬೆನ್ನುಮೂಳೆಯ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಥೈರಾಯ್ಡ್ ಕಡಿಮೆಯಾದರೂ ಮೈಯೆಲ್ಲ ನೋಯುತ್ತದೆ. ಎಲ್ಲ ಪರೀಕ್ಷೆಯೂ ಸರಿ ಬಂದು ನೋವು ಮಾತ್ರ ಇರುವ ಫೈಬ್ರೊಮಯಾಲ್ಜಿಯ ಅನ್ನುವುದೂ ಇದೆ. ಅಂಥವರಿಗೆ ನಮ್ಮಲ್ಲಿ ಸಿಗುವ ಔಷಧ ಒಂದೇ, "ಇವಳದು ನಾಟಕ."

ಇವೆಲ್ಲಕ್ಕಿಂತ ಬೆಲೆಬಾಳುವುದು ಕೇಳಿ ತಿಳಿಯುವ ಮಾಹಿತಿ. ಬೆಳಗಿನ ಬಿಗಿತ ಅರ್ಧಗಂಟೆ ದಾಟುತ್ತದೆಯೇ? ದಾಟಿದರೆ ಉರಿಯೂತದ ಕಡೆಗೆ ಬೆರಳು ತೋರಿಸುತ್ತದೆ. ಸವೆದ ಮಂಡಿ ಬೆಳಿಗ್ಗೆ ಐದು ನಿಮಿಷದಲ್ಲಿ ಸಡಿಲವಾಗಿ ಸಂಜೆಗೆ ನೋಯುತ್ತದೆ. ಎರಡೂ ಕೈಯಲ್ಲಿ ಒಂದೇ ಜಾಗಕ್ಕೆ ಬಂದಿದೆಯೇ? ಊತ ಇದೆಯೇ, ಬರೀ ನೋವೇ? ಈ ಪ್ರಶ್ನೆಗಳಿಗೆ ಸೂಜಿ ಬೇಡ, ದುಡ್ಡು ಬೇಡ. ಐದು ನಿಮಿಷ ಬೇಕು. ದಿನಕ್ಕೆ ನೂರು ರೋಗಿ ನೋಡುವ ಡಾಕ್ಟರ ಬಳಿ ಇಲ್ಲದ್ದು ಅದೇ.

ಇನ್ನು ನಾಲ್ಕನೆಯ ಡಾಕ್ಟರ ಬಿಳಿ ಮಾತ್ರೆ. ಕಾಗದದಲ್ಲಿ ಕಟ್ಟಿಕೊಟ್ಟ ಆ ಮಾತ್ರೆ ನುಂಗಿದ ಮೂರನೇ ದಿನ ನಾನು ಎರಡು ಬಕೆಟ್ ಬಟ್ಟೆ ಒಗೆದೆ. ಮುದ್ದೆ ಕಟ್ಟಿದೆ. ದೇವರು ಸಿಕ್ಕಿದ ಅಂದುಕೊಂಡೆ. ಮೂರು ತಿಂಗಳಿಗೆ ಮುಖ ದುಂಡಗಾಯಿತು. ಎಲ್ಲರೂ "ಚೆನ್ನಾಗಿ ಆಗಿದೀಯ" ಅಂದರು. ಸಕ್ಕರೆ ಏರಿತು. ಅದು ಸ್ಟಿರಾಯ್ಡ್. ಸ್ಟಿರಾಯ್ಡ್ ಕೆಟ್ಟದ್ದೇನಲ್ಲ, ಉರಿಯುವ ಮನೆಗೆ ಅದು ಮೊದಲ ಬಕೆಟ್ ನೀರು. ತಿಳಿದವರು ಅಳತೆ ನೋಡಿ, ಅವಧಿ ನೋಡಿ ಕೊಡುತ್ತಾರೆ. ಹೆಸರಿಲ್ಲದೆ ಕೊಟ್ಟರೆ ಎಷ್ಟು ನುಂಗಿದೆವು, ಎಷ್ಟು ದಿನ ನುಂಗಿದೆವು ಅನ್ನುವುದು ಮುಂದಿನ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಊತ ಇಳಿದಿರುವುದರಿಂದ ಅವರಿಗೆ ಕಾಯಿಲೆಯೇ ಕಾಣುವುದಿಲ್ಲ. ಮೂಳೆ ಟೊಳ್ಳಾಗುತ್ತದೆ, ಸೊಂಟದ ಕೀಲಿಗೆ ರಕ್ತ ನಿಂತು ಅದು ಕುಸಿಯಬಹುದು. ವಾರಗಟ್ಟಲೆ ತೆಗೆದುಕೊಂಡದ್ದನ್ನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೂ ಸಂಚಕಾರ, ನಿಧಾನವಾಗಿ ಇಳಿಸಬೇಕು. ಸಂತೆಯಲ್ಲಿ ಮಾರುವ ಗಿಡಮೂಲಿಕೆ ಪುಡಿಗಳಲ್ಲೂ ಇದೇ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಕಡೆ ಪರೀಕ್ಷೆಯಲ್ಲಿ ಸಿಕ್ಕಿದೆ. ಎರಡೇ ದಿನದಲ್ಲಿ ಗುಣ ಕಂಡ ಪುಡಿಯ ಮೇಲೆ ಅನುಮಾನ ಇಟ್ಟುಕೊಳ್ಳಿ.

ಇನ್ನೊಂದು ಔಷಧದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. 1890ರಲ್ಲಿ ರಾಬರ್ಟ್ ಕಾಕ್, ಚಿನ್ನದ ಸೈನೈಡ್ ಲವಣ ಕ್ಷಯದ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ತಡೆಯುತ್ತದೆ ಅಂತ ಕಂಡುಕೊಂಡರು. ಸುಮಾರು ಅದೇ ಹೊತ್ತಿಗೆ ಪ್ರಪಂಚದ ಚಿನ್ನದ ಗಣಿಗಳು ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ಬಳಸತೊಡಗಿದ್ದವು. ರುಮಟಾಯ್ಡ್ ಕೂಡ ಕ್ಷಯದಂಥದೇ ಸೋಂಕು ಅಂತ ತಪ್ಪಾಗಿ ತಿಳಿದ ಫ್ರಾನ್ಸಿನ ಜಾಕ್ ಫೊರೆಸ್ಟಿಯೆ, ರೋಗಿಗಳಿಗೆ ಚಿನ್ನದ ಲವಣದ ಇಂಜೆಕ್ಷನ್ ಕೊಟ್ಟು 1929ರಲ್ಲಿ ವರದಿ ಮಾಡಿದರು. ಊಹೆ ತಪ್ಪು, ಔಷಧ ಸರಿ. 1960ರ ಸುಮಾರಿಗೆ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಅದನ್ನು ಖಚಿತಪಡಿಸಿತು. ಆಮೇಲೆ ದಶಕಗಳ ಕಾಲ ರುಮಟಾಯ್ಡ್‌ಗೆ ಮುಖ್ಯ ಮದ್ದು ಚಿನ್ನವೇ. ನಮ್ಮ ಆಯುರ್ವೇದದ ಬೃಹತ್ ವಾತ ಚಿಂತಾಮಣಿ ರಸದಲ್ಲೂ ಸುವರ್ಣ ಭಸ್ಮ ಇದೆ. ನಮ್ಮಪ್ಪ ಬೆರಳು ಬಾಗಿಸಿಕೊಂಡು ಮೇಲಕ್ಕೆತ್ತಿದ ಲೋಹ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರದೋ ಬೆರಳಿನ ಬಾಗು ತಡೆಯುತ್ತಿತ್ತು. ಚರ್ಮ, ಮೂತ್ರಪಿಂಡಕ್ಕೆ ತೊಂದರೆ ಮಾಡುತ್ತಿದ್ದ ಆ ಇಂಜೆಕ್ಷನ್ನುಗಳನ್ನು ಈಗ ಮೆಥೊಟ್ರೆಕ್ಸೇಟ್ ಹಿಂದಕ್ಕೆ ತಳ್ಳಿದೆ. ಚಿನ್ನಕ್ಕೆ ಹೋಲಿಸಿದರೆ ಅಗ್ಗ. ವಾರಕ್ಕೊಮ್ಮೆ ಮಾತ್ರ ನುಂಗಬೇಕು. ದಿನಾ ನುಂಗಿದರೆ ವಿಷ, ಇದನ್ನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ.

ನನಗೂ ಈಗ ಅದೇ ಮಾತ್ರೆ, ಪ್ರತಿ ಭಾನುವಾರ ರಾತ್ರಿ. ಹಾಗಾದರೆ ನಿಮ್ಮದು ರುಮಟಾಯ್ಡೇ ಅಂತ ಕೇಳಬಹುದು. ಗೊತ್ತಿಲ್ಲ. ನನ್ನ ಚೀಟಿಯಲ್ಲಿರುವುದು ಉರಿಯೂತದ ಸಂಧಿವಾತ, ಹೆಸರು ಇನ್ನೂ ನಿರ್ಧಾರವಾಗಿಲ್ಲ ಅಂತ. ಇಂಥವರಲ್ಲಿ ಕೆಲವರಿಗೆ ತಾನಾಗಿ ಇಳಿಯುತ್ತದಂತೆ, ಕೆಲವರಿಗೆ ಮುಂದೆ ರುಮಟಾಯ್ಡ್ ಆಗಿ ಸ್ಪಷ್ಟವಾಗುತ್ತದಂತೆ, ಕೆಲವರು ಹೀಗೇ ಉಳಿಯುತ್ತಾರಂತೆ. ಹೆಸರಿಗೆ ಕಾಯುತ್ತ ಕೂತರೆ ಕೀಲು ಕಾಯುವುದಿಲ್ಲ, ಊತ ಶುರುವಾದ ಮೊದಲ ಕೆಲವು ತಿಂಗಳಲ್ಲೇ ಔಷಧಕ್ಕೆ ಹೆಚ್ಚು ಬಲ. ಆ ತಿಂಗಳುಗಳನ್ನು ನಾನು ಬದನೆಕಾಯಿ ಬಿಟ್ಟು ಕಳೆದೆ. ಎರಡು ಬೆರಳು ಈಗಾಗಲೇ ಸ್ವಲ್ಪ ವಾಲಿವೆ. ಹೆಸರಿಲ್ಲ ಅಂದಾಗ ಮೊದಲು ಅಳು ಬಂತು. ಆಮೇಲೆ ಒಂದು ಬಗೆಯ ಸಮಾಧಾನವೂ ಆಯಿತು. "ಏನೂ ಇಲ್ಲ" ಅಂದವರಿಗಿಂತ "ಏನೋ ಇದೆ, ಯಾವುದು ಅಂತ ಇನ್ನೂ ಗೊತ್ತಿಲ್ಲ" ಅಂದವರು ನನ್ನನ್ನು ನಂಬಿದ್ದರು.

ಕೀಲುರೋಗದ ತಜ್ಞರು ನಮ್ಮ ಕಡೆ ವಿರಳ. 70 ಕಿಲೋಮೀಟರ್ ರೈಲಿನಲ್ಲಿ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಎಲ್ಲರೂ ಬೆಂಗಳೂರಿಗೇ ಹೋಗಿ ಅಂತ ನಾನು ಹೇಳುವುದಿಲ್ಲ. ಕೋಲಾರದಲ್ಲಿ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿದೆ, ಮೊದಲ ವಿಚಾರಣೆ ಅಲ್ಲೇ ಆಗಬಹುದು. ಎಲ್ಲಿಗೆ ಹೋದರೂ ಫೈಲಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ಹೋಗಿ. ನೋವು ಯಾವ ತಿಂಗಳು ಶುರುವಾಯಿತು, ಬೆಳಿಗ್ಗೆ ಬಿಗಿತ ಎಷ್ಟು ನಿಮಿಷ, ಊದುವ ಕೀಲು ಯಾವುವು, ಈವರೆಗೆ ನುಂಗಿದ ಮಾತ್ರೆಗಳ ಹೆಸರು, ಮನೆಯಲ್ಲಿ ಇನ್ಯಾರ ಕೈ ಹೀಗಿತ್ತು, ಗಣಿ, ಕಲ್ಲು ಕ್ವಾರಿ, ಜಲ್ಲಿ ಕ್ರಷರಿನಲ್ಲಿ ಎಷ್ಟು ವರ್ಷ ದುಡಿದಿರಿ, ಕುಡಿಯುವ ನೀರು ಯಾವುದು. ಊದಿದ ಕೈಯ ಫೋಟೋವನ್ನು ಊದಿರುವಾಗಲೇ ತೆಗೆದಿಡಿ. ಆಸ್ಪತ್ರೆ ಸೇರುವ ಹೊತ್ತಿಗೆ ಹತ್ತೂವರೆಯಾಗಿ ಊತ ಇಳಿದಿರುತ್ತದೆ.

ಬೋರ್ ನೀರು ಕುಡಿಯುವವರು ಅದನ್ನೊಮ್ಮೆ ಪರೀಕ್ಷೆಗೆ ಕೊಡಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಜಿಲ್ಲೆಯಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯವಿದೆ. ಒಂದು ಲೀಟರ್ ಸಾಕು, ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಫ್ಲೋರೈಡ್ ಪರೀಕ್ಷೆಗೆ ಗಾಜಿನದು ಬೇಡ.